ಹವ್ಯಾಸಿ ಗಾಯಕರಿಗೆ ಎಲೆಕ್ಟ್ರಾನಿಕ್ ತಂಬೂರ: ಕೊಳ್ಳಬಹುದೇ?

ಮೊಬೈಲಿನಲ್ಲಿ ತಂಬೂರದ ಆ್ಯಪ್ ಪುಕ್ಕಟೆಯಾಗಿ ಸಿಗುವಾಗ ಹಣ ಕೊಟ್ಟು ಪೆಟ್ಟಿಗೆ ತಂಬೂರವನ್ನು ಏಕೆ ಕೊಳ್ಳಬೇಕು ಎಂದು ಹವ್ಯಾಸಿ ಗಾಯಕರು ಕೇಳುವುದುಂಟು. ಮನೆಯ ಸಾಧನೆಗಷ್ಟೇ ಆದರೆ ಕೊಳ್ಳಬೇಕಾಗಿಲ್ಲ. ಪಿಟೀಲು, ಮೃದಂಗಗಳೊಡನೆ ವೇದಿಕೆಯ ಮೇಲೆ ಕುಳಿತು ಹಾಡುವುದಾದರೆ ಕೊಳ್ಳಲೇಬೇಕು ಎಂಬುದು, ಪುರಂದರದಾಸರ ಆರಾಧನೆಗಾಗಿ ಇಂಥದೊಂದು ಪೆಟ್ಟಿಗೆಯನ್ನು ತಂದು, ಅದರೊಡನೆ ಸಿದ್ಧತೆ ನಡೆಸಿ, ದೇವಸ್ಥಾನದ ಸಭಾಂಗಣದಲ್ಲಿ ಹಾಡಿದ ಮೇಲೆ ನನಗೆ ಮೂಡಿರುವ ಅಭಿಪ್ರಾಯ.

ಈ ವಾದ್ಯ ನಮ್ಮೂರಿನದೇ ಎನ್ನಬೇಕು. ಕೊಳಲು ವಾದಕರೂ ಇಂಜಿನಿಯರೂ ಆದ ಬೆಂಗಳೂರಿನ ಜಿ. ರಾಜ್ ನಾರಾಯಣ್ ಅವರು 1979ರಲ್ಲಿ ಎಲೆಕ್ಟ್ರಾನಿಕ್ ತಂಬೂರವನ್ನು ರೂಪಿಸಿದರು. ಈಗ ಹಲವು ತಯಾರಕರ ಪೆಟ್ಟಿಗೆಗಳು ಮಾರುಕಟ್ಟೆಯಲ್ಲಿವೆ.

ಕೊಳ್ಳುವಾಗ ಮೊದಲು ನೋಡಬೇಕಾದದ್ದು ಶ್ರುತಿಯನ್ನು ಕೂದಲೆಳೆಯಷ್ಟು ಏರಿಳಿಸುವ ತಿರುಗುಗುಂಡಿಯನ್ನು. ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಐದು ಮನೆ, ಐದೂವರೆ ಮನೆ ಎಂದು ಶ್ರುತಿಯನ್ನು ಆರಿಸಿಕೊಂಡರೆ ಸಾಧನೆಗೆ ಸಾಕು. ಆದರೆ ಕಛೇರಿಯ ದಿನ ಮೃದಂಗದ ಬಲಬದಿಯ ಚರ್ಮದ ಮುಚ್ಚಿಗೆ ಹವೆಯ ತೇವಕ್ಕೆ ಸಡಿಲಗೊಂಡು, ಎಷ್ಟು ತಟ್ಟಿದರೂ ಐದೂವರೆಗೆ ಪೂರ್ತಿ ಏರದಿರುವಾಗ, ಈ ಗುಂಡಿಯನ್ನು ತುಸುವೇ ಹಿಂದಕ್ಕೆ ತಿರುಗಿಸಿ, ಪಿಟೀಲಿನವರಿಗೂ ಅಲ್ಲಿಗೇ ಶ್ರುತಿ ಮಾಡಿಕೊಳ್ಳುವಂತೆ ಹೇಳಬಹುದು. ಆ ಮೇಲೆ ಗುಂಡಿಯನ್ನು ಯಾರೂ ಮುಟ್ಟಕೂಡದು, ಅಷ್ಟೆ.

ಎರಡನೆಯದು ತಂಬೂರದ ಮೊದಲ ತಂತಿಯ ಸ್ವರವನ್ನು ಪಂಚಮದಿಂದ (ಪ) ಮಧ್ಯಮಕ್ಕೆ (ಮ) ಬದಲಾಯಿಸುವ ಸೌಲಭ್ಯ. ಕಛೇರಿಯ ಕೊನೆಯಲ್ಲಿ ಪುನ್ನಾಗವರಾಳಿ ಅಥವಾ ನಾದನಾಮಕ್ರಿಯೆ ರಾಗದ ದೇವರನಾಮವನ್ನು ಮಧ್ಯಮ ಶ್ರುತಿಯಲ್ಲಿ ಹಾಡುವ ರೂಢಿಯಿದೆ. ಮಧ್ಯಮವನ್ನೇ ಷಡ್ಜ (ಸ) ಎಂದು ಹಿಡಿದು ಹಾಡುವುದರಿಂದ ಮೃದಂಗದ ಶ್ರುತಿ ಕದಲಬೇಕಾಗಿಲ್ಲ. ಮೊದಲಿನ ಷಡ್ಜ ಈಗ ಪಂಚಮವಾಗಿ ಒದಗುತ್ತದೆ. ಮರದ ತಂಬೂರದಲ್ಲಾದರೆ ಮೊದಲ ತಂತಿಯನ್ನು ಸಭಿಕರ ಎದುರಿನಲ್ಲೇ ಇಳಿಸಬೇಕು. ಇಲ್ಲಿ ಒಂದು ಗುಂಡಿಯ ಕೆಲಸ. ಈ ಗುಂಡಿಯನ್ನು ಕತ್ತಲಲ್ಲೂ ಬೆರಳು ಗುರುತಿಸುವಂತಿರುವ ಮಾದರಿಯನ್ನೇ ಆರಿಸಿ: ಪರದೆಯ ಮೇಲೆ ಪಟ್ಟಿಯೊಳಗೆ ಪಟ್ಟಿ ತೆರೆಯುತ್ತ ಹೋಗುವ ಮಾದರಿಗಳು ವೇದಿಕೆಗೆ ಹೇಳಿ ಮಾಡಿಸಿದವಲ್ಲ. ಮೊಬೈಲಿನ ತೊಡಕೂ ಇದೇ, ಮೇಲೆ ನಡುವೆ ಕರೆ ಬರುವ ಭಯ ಬೇರೆ.

ನಾದದ ವಿಷಯದಲ್ಲಿ ನನಗೆ ಪೂರ್ಣ ಸಮಾಧಾನವಿಲ್ಲ. ಜೀವಾಳಿಯ ಎಳೆಯನ್ನು, ಅಂದರೆ ಕುದುರೆಯ ಮೇಲೆ ತಂತಿಯಡಿ ಇಡುವ ನೂಲನ್ನು, ಸರಿಯಾಗಿ ಕೂರಿಸಿದ ಮರದ ತಂಬೂರದಲ್ಲಿ ಮಂದ್ರ ಷಡ್ಜದ (ಕೆಳಸ್ಥಾಯಿಯ ಸ) ತಂತಿಯಿಂದ ಅಂತರ ಗಾಂಧಾರ (ಗ) ತಾನಾಗಿಯೇ ಹೊಮ್ಮುತ್ತದೆ. ನಿಜವಾದ ತಂಬೂರದ ನಾದವನ್ನು ಧ್ವನಿಮುದ್ರಿಸಿ ಅಳವಡಿಸಿದ ಪೆಟ್ಟಿಗೆಗಳಲ್ಲಿ ಅದು ಒಂದಿಷ್ಟು ಕೇಳಿಸುತ್ತದೆ. ಯಂತ್ರವೇ ನಾದವನ್ನು ಕಟ್ಟಿಕೊಡುವ ಅಗ್ಗದ ಮಾದರಿಗಳಲ್ಲಿ ನನಗೆ ಕೇಳಿಸಲೇ ಇಲ್ಲ. ಶ್ರುತಿ ಸೇರಿಸುವ ಶ್ರಮವೇ ಇಲ್ಲದಿರುವುದು ಕಲಿಯುವವರಿಗೆ ಲಾಭವೆನ್ನಲಾರೆ, ಏಕೆಂದರೆ ನಾಲ್ಕು ತಂತಿಗಳನ್ನು ತಾನೇ ಕೂಡಿಸಿದ ಕಿವಿಗೆ ಅರ್ಧ ಎಳೆ ತಪ್ಪಿದ ಪಂಚಮವೂ ಚುಚ್ಚುತ್ತದೆ.

ಬ್ಯಾಟರಿಯಿಂದಲೂ ನಡೆಯುವುದನ್ನೇ ಕೊಳ್ಳಿ. ಕರೆಂಟು ಹೋದರೆ ಮೈಕಿಲ್ಲದೆ ಹಾಡಬಹುದು, ಶ್ರುತಿಯಿಲ್ಲದೆ ಹಾಡಲಾಗದು. ಪೆಟ್ಟಿಗೆಯ ಸ್ವಂತ ಸ್ಪೀಕರ್ ಕೋಣೆಗೆ ಸಾಕಾದರೂ ಸಭಾಂಗಣದಲ್ಲಿ ಮೃದಂಗ ಜೋರಾದ ಕೂಡಲೇ ಅಡಗಿಹೋಗುತ್ತದೆ. ಹಾಗೆಂದು ಅದನ್ನು ಗಾಯಕರ ಮೈಕಿನ ಮುಂದಿಟ್ಟರೆ ಸಭಿಕರಿಗೆ ತಂಬೂರವೇ ಹಾಡಿದಂತಾಗುತ್ತದೆ. ಪಕ್ಕಕ್ಕೆ, ಸ್ವಲ್ಪ ಹಿಂದೆ, ಗಾಯಕರ ಕಿವಿಯತ್ತ ಮುಖಮಾಡಿ ಇಟ್ಟು, ಪಿಟೀಲಿನವರಿಗೂ ಕೇಳಿಸುತ್ತಿದೆಯೇ ಎಂದು ಕಛೇರಿಯ ಮೊದಲಿಗೆ ಹಾಡುವ ವರ್ಣವನ್ನು ಆರಂಭಿಸುವ ಮೊದಲೇ ವಿಚಾರಿಸಿಕೊಳ್ಳಬೇಕು.