ಪರ್ಷಿಯಾದ ಮಿಷನರಿಗಳ ಪತ್ರಗಳ ಆನ್‌ಲೈನ್ ಕಲೆಕ್ಷನ್, 5ಕ್ಕೆ 4 ಸ್ಟಾರ್

ಹತ್ತೊಂಬತ್ತನೇ ಶತಮಾನದಲ್ಲಿ ಪರ್ಷಿಯಾಕ್ಕೆ ಹೋಗಿದ್ದ ಕ್ರೈಸ್ತ ಮಿಷನರಿಗಳ ಪತ್ರಗಳನ್ನ ಒಂದು ಲೈಬ್ರರಿಯವರು ಸ್ಕ್ಯಾನ್ ಮಾಡಿ ಆನ್‌ಲೈನಲ್ಲಿ ಹಾಕಿದ್ದಾರೆ, ದುಡ್ಡು ಕೊಡೋ ಹಾಗಿಲ್ಲ, ಅಕೌಂಟೂ ಬೇಡ, ಓಪನ್ ಮಾಡಿ ಓದ್ತಾ ಹೋಗೋದು ಅಷ್ಟೇ. ಇರಾನಿನ ಚರಿತ್ರೆ ಬಗ್ಗೆ ಸ್ವಲ್ಪನಾದ್ರೂ ಆಸಕ್ತಿ ಇದ್ರೆ ಖಂಡಿತ ನೋಡಿ. ಆದ್ರೆ ಎಲ್ಲಿಂದ ಶುರು ಮಾಡ್ಬೇಕು ಅಂತ ಗೊತ್ತಿಲ್ದೆ ಹೋದ್ರೆ ಬೇಜಾರಾಗಿ ಬಿಟ್ಟುಬಿಡ್ತೀರ, ಅದಕ್ಕೇ ಇದನ್ನ ಬರೀತಿದೀನಿ.

ಇದರಲ್ಲಿ ಜಾಸ್ತಿ ಇರೋದು ಅಮೆರಿಕನ್ ಬೋರ್ಡಿನವರ ಪತ್ರಗಳು, ಅಂದ್ರೆ ಹೊರದೇಶಗಳಿಗೆ ಮಿಷನರಿಗಳನ್ನ ಕಳಿಸ್ತಿದ್ದ ಬಾಸ್ಟನ್ನಿನ ಪ್ರಾಟೆಸ್ಟಂಟ್ ಸಂಸ್ಥೆ. ಜಸ್ಟಿನ್ ಪರ್ಕಿನ್ಸ್ ಮತ್ತೆ ಡಾಕ್ಟರ್ ಅಸಾಹೆಲ್ ಗ್ರಾಂಟ್ 1835ರಲ್ಲಿ ಊರ್ಮಿಯಾದಲ್ಲಿ ನೆಲೆ ನಿಂತ್ರು, ವಾಯವ್ಯ ಪರ್ಷಿಯಾದಲ್ಲಿ ದೊಡ್ಡ ಉಪ್ಪುನೀರಿನ ಸರೋವರದ ಹತ್ತಿರದ ಊರು ಅದು, ಸುತ್ತಮುತ್ತ ಹಳ್ಳಿಗಳಲ್ಲಿ ಸಿರಿಯಾಕ್ ಅನ್ನೋ ಭಾಷೆ ಮಾತಾಡೋ ಕ್ರೈಸ್ತರಿದ್ರು, ಆಗ ಅವರನ್ನ ನೆಸ್ಟೋರಿಯನ್ನರು ಅಂತಿದ್ರು, ಈಗ ಅಸಿರಿಯನ್ನರು ಅಂತೀವಿ. 1836ರಲ್ಲಿ ಏಳು ಜನ ಹುಡುಗರನ್ನ ಇಟ್ಕೊಂಡು ಸ್ಕೂಲು, 1840ರಲ್ಲಿ ಪ್ರಿಂಟಿಂಗ್ ಪ್ರೆಸ್ಸು, 1849ರಲ್ಲಿ ಸಿರಿಯಾಕ್ ಪತ್ರಿಕೆ. ಇದೆಲ್ಲ ಎಲ್ಲಿ ಬೇಕಾದ್ರೂ ಸಿಗೋ ಮಾಹಿತಿ.

ಇಲ್ಲಿ ಎರಡು ಥರದ ಪತ್ರ ಇದೆ. ಒಂದು, ಬಾಸ್ಟನ್ನಿನ ಹೆಡ್ಡಾಫೀಸಿಗೆ ಬರೆದದ್ದು. ಅದರ ಆಯ್ದ ಭಾಗ ಬೋರ್ಡಿನ ತಿಂಗಳ ಪತ್ರಿಕೇಲಿ ಅಚ್ಚಾಗ್ತಿತ್ತು, ಅದನ್ನ ಓದೋರು ದಾನಿಗಳು, ಹಾಗಾಗಿ ಬರೆಯೋರಿಗೂ ಅದು ತಲೇಲಿ ಇರ್ತಿತ್ತು, ಎಷ್ಟು ಮಕ್ಕಳು ಬಂದ್ರು, ಯಾವ ಹಳ್ಳೀಲಿ ಪ್ರವಚನ ಆಯ್ತು, ಒಂದೇ ಅಚ್ಚು. ಇನ್ನೊಂದು, ಅವರವರೇ ಬರ್ಕೊಂಡಿದ್ದು, ಊರ್ಮಿಯಾದಿಂದ ಹತ್ತಿರದ ಸೈರ್ ಗುಡ್ಡದಲ್ಲಿದ್ದ ಮಿಷನ್ ಮನೆಗೆ, ತಬ್ರೀಜಿಗೆ, ಈಗಿನ ಇರಾಕಿನ ಮೋಸುಲ್‌ಗೆ. ಜೀವ ಇರೋದು ಈ ಎರಡನೇದರಲ್ಲಿ. ಜ್ವರ, ಔಷಧಿ, ಕೈಯಲ್ಲಿರೋ ದುಡ್ಡು, ಬರದೇ ಇರೋ ಟಪಾಲು, ಒಬ್ಬರ ಮೇಲೊಬ್ಬರಿಗೆ ಇದ್ದ ಅಸಮಾಧಾನ, ಎಲ್ಲ ಇದೆ. ಬಾಸ್ಟನ್ನಿಗೆ ಹೋಗೋ ಪತ್ರ ತಬ್ರೀಜ್, ಎರ್ಜುರುಮ್ ದಾಟಿ ಕಪ್ಪು ಸಮುದ್ರದ ಟ್ರೆಬಿಜಾಂಡ್ ಬಂದರಿಗೆ ಹೋಗಿ ಹಡಗು ಹತ್ತಬೇಕಿತ್ತು, ಉತ್ತರ ಬರೋಕೆ ತಿಂಗಳುಗಟ್ಟಲೆ ಹಿಡೀತಿತ್ತು, ಅಷ್ಟರಲ್ಲಿ ಪರ್ಷಿಯಾದಲ್ಲಿ ನಿರ್ಧಾರ ಆಗಿಹೋಗಿರ್ತಿತ್ತು, ಅಂದ್ರೆ ನಿಜವಾದ ಚರ್ಚೆ ನಡೀತಿದ್ದದ್ದು ಇವರಿವರ ನಡುವೆನೇ.

ಗ್ರಾಂಟ್ ವಿಷಯವೇ ತಗೊಳ್ಳಿ. ಕಣ್ಣಿನ ಪೊರೆ ತೆಗೀತಾರೆ ಅಂತ ಅವರ ಹತ್ರ ಜನ ಮುಗಿಬೀಳ್ತಿದ್ರು. ಆದ್ರೆ ಅವರ ಮನಸ್ಸು ಗಡಿಯಾಚೆ ಆಟೋಮನ್ ಸಾಮ್ರಾಜ್ಯದಲ್ಲಿದ್ದ ಹಕ್ಕಾರಿ ಬೆಟ್ಟಗಳ ಕಡೆ ಇತ್ತು, ಅಲ್ಲೂ ನೆಸ್ಟೋರಿಯನ್ನರಿದ್ರು, ಅಲ್ಲೊಂದು ಮಿಷನ್ ಆಗ್ಲೇಬೇಕು ಅನ್ನೋ ಹಟ, ಜೊತೇಲಿದ್ದೋರಲ್ಲಿ ಎಲ್ರಿಗೂ ಅದು ಒಪ್ಪಿಗೆ ಇರಲಿಲ್ಲ. 1843ರಲ್ಲಿ ಕುರ್ದ್ ನಾಯಕ ಬದರ್ ಖಾನ್ ಬೇಗ್‌ನ ದಾಳೀಲಿ ಆ ಬೆಟ್ಟದ ಕ್ರೈಸ್ತರ ಹತ್ಯಾಕಾಂಡ ಆಯ್ತು, ಮುಂದಿನ ವರ್ಷ ಮೋಸುಲ್‌ನಲ್ಲಿ ಗ್ರಾಂಟೂ ತೀರ್ಕೊಂಡ್ರು. ಈ ಪತ್ರಗಳನ್ನ ತಾರೀಖಿನ ಪ್ರಕಾರ ಓದ್ತಾ ಹೋದ್ರೆ ಮುಂದೇನಾಗುತ್ತೆ ಅಂತ ನಮಗೆ ಗೊತ್ತು ಅವರಿಗೆ ಗೊತ್ತಿಲ್ಲ, ಎದೆ ಭಾರ ಆಗುತ್ತೆ.

ಮಕ್ಕಳ ಹೆಸರು ಬಂದಾಗ ನಿಧಾನಕ್ಕೆ ಓದಿ. ಗ್ರಾಂಟ್ ಹೆಂಡತಿ ಜೂಡಿತ್ ಊರ್ಮಿಯಾದಲ್ಲೇ 1839ರಲ್ಲಿ ತೀರ್ಕೊಂಡ್ರು, ಹುಡುಗೀರಿಗೆ ಅಲ್ಲಿ ಪಾಠ ಶುರು ಮಾಡಿದ್ದು ಅವರೇ. ಆಮೇಲೆ ಪರ್ಕಿನ್ಸ್ ಮನೇಲಿ ಹುಟ್ಟಿದ ಮಗುವಿಗೆ ಜೂಡಿತ್ ಗ್ರಾಂಟ್ ಪರ್ಕಿನ್ಸ್ ಅಂತ ಹೆಸರಿಟ್ರು. ಆ ಹುಡುಗಿ 1852ರಲ್ಲಿ ಪ್ರಯಾಣದ ದಾರೀಲಿ ಕಾಲರಾ ಬಂದು ಹೋದ್ಲು, ಹನ್ನೆರಡು ವರ್ಷ. ಪರ್ಕಿನ್ಸ್ ದಂಪತಿಗೆ ಏಳು ಮಕ್ಕಳು, ಅದರಲ್ಲಿ ಆರು ಪರ್ಷಿಯಾದಲ್ಲೇ ಮಣ್ಣಾದವು.

ಇನ್ನು ತೊಂದರೆಗಳು. ಸ್ಕ್ಯಾನ್ ಮಾಡಿರೋದು ಮೂಲ ಕಾಗದದಿಂದ ಅಲ್ಲ, ಹಳೇ ಮೈಕ್ರೋಫಿಲ್ಮಿನಿಂದ, ಬರೀ ಕಪ್ಪು ಬಿಳುಪು. ಆಗ ಕಾಗದ ಉಳಿಸೋಕೆ ಪುಟ ತುಂಬಿದ ಮೇಲೆ ಹಾಳೆನ ಅಡ್ಡ ತಿರುಗಿಸಿ ಅದೇ ಸಾಲುಗಳ ಮೇಲೆ ಮತ್ತೆ ಬರೀತಿದ್ರು, ಶಾಯಿಯ ಬಣ್ಣ ಕಾಣ್ಸಿದ್ರೆ ಮೇಲಿನ ಸಾಲು ಯಾವ್ದು ಕೆಳಗಿನದು ಯಾವ್ದು ಅಂತ ಬಿಡಿಸ್ಕೋಬಹುದು, ಇಲ್ಲಿ ಎರಡೂ ಸೇರಿ ಬಲೆ ಥರ ಕಾಣುತ್ತೆ. ಅರಗಿನ ಮುದ್ರೆ ಒಡೆದಾಗ ಕಾಗದ ಹರಿದು ಅಲ್ಲೊಂದು ತೂತು, ಒಂದೆರಡು ಪದ ಹೋಗಿಬಿಟ್ಟಿರುತ್ತೆ, ಅದಕ್ಕೆ ಯಾರೂ ಏನೂ ಮಾಡೋಕಾಗಲ್ಲ ಬಿಡಿ.

ಸರ್ಚ್ ಮಾತ್ರ ಸರಿ ಇಲ್ಲ. ಊರ್ಮಿಯಾ ಅನ್ನೋದನ್ನ ಒಬ್ಬೊಬ್ಬರು ಒಂದೊಂದು ಸ್ಪೆಲ್ಲಿಂಗಲ್ಲಿ ಬರೆದಿದ್ದಾರೆ, ಒಂದನ್ನ ಟೈಪ್ ಮಾಡಿದ್ರೆ ಇನ್ನೊಂದು ಸಿಗಲ್ಲ. ಅದಕ್ಕಿಂತ ಬೇಸರದ ವಿಷಯ ಅಂದ್ರೆ ಇಂಡೆಕ್ಸಲ್ಲಿ ಬರೀ ಅಮೆರಿಕನ್ನರ ಹೆಸರು. ಪರ್ಕಿನ್ಸ್‌ಗೆ ಸಿರಿಯಾಕ್ ಹೇಳಿಕೊಟ್ಟಿದ್ದು ಬಿಷಪ್ ಮಾರ್ ಯೋಹಾನ್ನಾನ್ ಮತ್ತೆ ಪಾದ್ರಿ ಅಬ್ರಹಾಂ, ಅನುವಾದದ ಕೆಲಸದಲ್ಲಿ ಹೆಜ್ಜೆಹೆಜ್ಜೆಗೂ ಸ್ಥಳೀಯರ ಕೈ ಇತ್ತು, ಪತ್ರಗಳ ಒಳಗೆ ಅವರೆಲ್ಲ ಬರ್ತಾರೆ, ಆದ್ರೆ ಹೆಸರು ಹಾಕಿ ಹುಡುಕಿದ್ರೆ ಒಂದೂ ಸಿಗಲ್ಲ. ಇದು ಸಣ್ಣ ಲೋಪ ಅಲ್ಲ, ಲೈಬ್ರರಿಗೆ ಬರೆದೂ ಹೇಳಿದೀನಿ, ಒಂದು ಸ್ಟಾರ್ ಕಮ್ಮಿ ಮಾಡಿದ್ದೂ ಇದಕ್ಕೇನೇ.

ಬ್ರಿಟಿಷರ ಭಾಗ ಚಿಕ್ಕದು. ಮಿಷನರಿ ರಾಬರ್ಟ್ ಬ್ರೂಸ್ 1869ರಲ್ಲಿ ಇಸ್ಫಹಾನ್ ಊರಿನ ಅರ್ಮೇನಿಯನ್ನರ ಬಡಾವಣೆ ಜುಲ್ಫಾಕ್ಕೆ ಬಂದಿದ್ದು, ನಂತರದ ಭೀಕರ ಬರದಲ್ಲಿ ಪರಿಹಾರ ಹಂಚಿದ್ದು, ಅಷ್ಟರ ಸುತ್ತ ಕೆಲವು ಪತ್ರ ಇವೆ, ಓದೋಕೆ ಸುಲಭ, ಅಕ್ಷರ ಚೆನ್ನಾಗಿದೆ. ಹೊಸಬರು ಅಲ್ಲಿಂದ ಶುರು ಮಾಡಿ ಕೈಬರಹಕ್ಕೆ ಕಣ್ಣು ಹೊಂದಿಕೊಂಡ ಮೇಲೆ ಗ್ರಾಂಟ್ ಪತ್ರಗಳಿಗೆ ಬನ್ನಿ, ಮೊಬೈಲಲ್ಲಿ ಬೇಡ, ದೊಡ್ಡ ಸ್ಕ್ರೀನಲ್ಲಿ, ಪೂರ್ತಿ ಸೈಜಿನ ಫೈಲ್ ಡೌನ್‌ಲೋಡ್ ಮಾಡ್ಕೊಂಡು.