ದುಡ್ಡು ಕಟ್ಟುವ ಮೊದಲು ಒಂದು ಲಿಂಕ್ ಕೇಳಿ

ಇಂಟರ್‌ನೆಟ್ ಇಲ್ಲದ ಲ್ಯಾಬಿನಲ್ಲಿ ನಾನು ನಾಲ್ಕು ತಿಂಗಳು ವೆಬ್ ಡಿಸೈನ್ ಕಲಿತಿದ್ದೇನೆ. ಅದಕ್ಕೆ 9,500 ರೂಪಾಯಿ ಕಟ್ಟಿದ್ದೇನೆ. ಎ ಗ್ರೇಡ್ ಕೂಡ ಬಂದಿದೆ. ಸರ್ಟಿಫಿಕೇಟಿಗೆ ಲ್ಯಾಮಿನೇಷನ್ ಮಾಡಿಸಿ ಅಮ್ಮ ಬೀರುವಿನಲ್ಲಿ ಇಟ್ಟಿದ್ದಾರೆ, ಅವರ ರೇಷ್ಮೆ ಸೀರೆಗಳ ಕೆಳಗೆ.

ಇಷ್ಟು ದಿನ ಸುಮ್ನೆ ಇದ್ದವಳು ಈಗ ಬರೆಯುತ್ತಿರುವುದು ಚಿಕ್ಕಮ್ಮನ ಮಗಳಿಂದಾಗಿ. ಹೋದ ವಾರ ಅವಳು ಒಂದು ಪಾಂಪ್ಲೆಟ್ ಹಿಡಿದುಕೊಂಡು ಮನೆಗೆ ಬಂದಳು. ಅದೇ ಕಾಲೇಜು, ಅದೇ ಕೋರ್ಸು: ವೆಬ್ ಡಿಸೈನ್ ಮತ್ತು ಪಬ್ಲಿಷಿಂಗ್. ಸಿಲಬಸ್ ಒಂದಕ್ಷರ ಬದಲಾಗಿಲ್ಲ. ಫೀಸು ಮಾತ್ರ ಬದಲಾಗಿ 12,000 ಆಗಿದೆ. ಕಾಲೇಜಿನ ಹೆಸರು ಹೇಳಿ ಜಗಳಕ್ಕೆ ನಿಲ್ಲುವ ಆಸೆ ನನಗಿಲ್ಲ. ಹಾಸನದ ಕಡೆಯ ಒಂದು ಡಿಗ್ರಿ ಕಾಲೇಜು ಅಂದುಕೊಳ್ಳಿ, ಸಾಕು.

ನಾನು ಸೇರಿದ್ದು 2022ರ ಆಗಸ್ಟ್‌ನಲ್ಲಿ. ಆಗ ಬಿಎ ಎರಡನೇ ವರ್ಷ, ಪತ್ರಿಕೋದ್ಯಮ ನನ್ನ ಒಂದು ಸಬ್ಜೆಕ್ಟು. "ಇನ್ಮೇಲೆ ಪೇಪರ್ರೂ ಆನ್‌ಲೈನೇ, ಪೇಜ್ ಕಟ್ಟೋದು ಕಲೀರಮ್ಮ" ಎಂದು ಕೋರ್ಸಿನ ಸರ್ ಕ್ಲಾಸಿಗೇ ಬಂದು ಹೇಳಿದ್ದರು. ಆ ಮಾತು ಸುಳ್ಳಲ್ಲ. ಅಮ್ಮ ಚೀಟಿ ಎತ್ತಿ ದುಡ್ಡು ಕೊಟ್ಟರು.

ಮೊದಲ ದಿನ ಲ್ಯಾಬಿಗೆ ಹೋದರೆ ನೆಟ್ ವೈರುಗಳನ್ನೆಲ್ಲ ಕಿತ್ತು, ಹಗ್ಗದ ಸಿಂಬಿಯ ಹಾಗೆ ಸುತ್ತಿ, ಕಿಟಕಿ ಸರಳಿಗೆ ನೇತು ಹಾಕಿದ್ದರು. ಯಾಕೆ ಸರ್ ಅಂದರೆ, "ನೆಟ್ ಕೊಟ್ರೆ ನೀವು ಯೂಟ್ಯೂಬ್ ನೋಡ್ಕೊಂಡು ಕೂರ್ತೀರಿ, ವೈರಸ್ ಬೇರೆ ಬರತ್ತೆ." ನಾವೂ ನಕ್ಕು ಸುಮ್ಮನಾದೆವು. ಅಲ್ಲೇ ಎದ್ದು ಬರಬೇಕಿತ್ತು. ವೆಬ್ ಕಲಿಸುವ ಲ್ಯಾಬಿಗೆ ನೆಟ್ ಇಲ್ಲ ಅಂದರೆ ಈಜು ಕಲಿಸುವವರು ಕೆರೆಯಲ್ಲಿ ನೀರಿಲ್ಲ ಅಂದ ಹಾಗೆ. ಹದಿನೆಂಟು ವರ್ಷದವಳಿಗೆ ಅಷ್ಟು ಹೊಳೆಯಲಿಲ್ಲ.

ಕಂಪ್ಯೂಟರುಗಳಲ್ಲಿ ಇದ್ದದ್ದು ವಿಂಡೋಸ್ 7. ಮೈಕ್ರೋಸಾಫ್ಟ್ 2020ರ ಜನವರಿಯಲ್ಲೇ ಅದರ ಕೈ ಬಿಟ್ಟಿತ್ತು. ಪೇಜ್ ನೋಡಲು ಇಂಟರ್‌ನೆಟ್ ಎಕ್ಸ್‌ಪ್ಲೋರರ್. ಅದಕ್ಕೂ ನಾವು ಸೇರುವ ಎರಡು ತಿಂಗಳ ಮುಂಚೆ, 2022ರ ಜೂನ್ 15ಕ್ಕೆ, ಮೈಕ್ರೋಸಾಫ್ಟ್ ಬೀಳ್ಕೊಡುಗೆ ಕೊಟ್ಟಾಗಿತ್ತು. ಸಿಲಬಸ್ಸಿನ ಮೂರನೇ ಭಾಗ ಪೂರ್ತಿ ಫ್ಲ್ಯಾಶ್, ಅಂದರೆ ವೆಬ್ ಪೇಜಿನಲ್ಲಿ ಚಿತ್ರ ಕುಣಿಸಲು ಬಳಸುತ್ತಿದ್ದ ಅಡೋಬಿ ಕಂಪನಿಯ ಸಾಫ್ಟ್‌ವೇರ್. ಒಂದು ಚೆಂಡು ಎಡದಿಂದ ಬಲಕ್ಕೆ ಉರುಳುತ್ತಾ ಹೋಗಿ ಕಮಲದ ಹೂ ಆಗಬೇಕು, ಅದೇ ನಮ್ಮ ಪ್ರಾಜೆಕ್ಟು. ಆರು ವಾರ ಚೆಂಡು ಉರುಳಿಸಿದೆವು. ಅಡೋಬಿಯವರು 2020ರ ಡಿಸೆಂಬರ್ 31ಕ್ಕೇ ಫ್ಲ್ಯಾಶ್ ನಿಲ್ಲಿಸಿದ್ದರು. 2021ರ ಜನವರಿ 12ರಿಂದ ಫ್ಲ್ಯಾಶ್ ಪ್ಲೇಯರಿನಲ್ಲಿ ಯಾವುದೂ ಓಡದ ಹಾಗೆ ತಡೆದೂ ಇದ್ದರು. ನಮ್ಮ ಚೆಂಡು ಉರುಳುತ್ತಿದ್ದದ್ದು ಹಳೆಯ ಪ್ಲೇಯರ್ ಹಾಗೇ ಉಳಿದಿದ್ದ ಆ ಲ್ಯಾಬಿನೊಳಗೆ ಮಾತ್ರ.

ವೆಬ್ ಪೇಜು ಬರೆಯುವ ಭಾಷೆ ಎಚ್‌ಟಿಎಂಎಲ್. ಅದನ್ನು ಕಲಿಸಲಿಲ್ಲ ಅಂತಲ್ಲ, ಕಲಿಸಿದರು. ಅಕ್ಷರದ ರೂಪ ಬದಲಿಸುವ ಫಾಂಟ್ ಟ್ಯಾಗ್, ನಡುವಿಗೆ ತರುವ ಸೆಂಟರ್ ಟ್ಯಾಗ್, ಅಕ್ಷರ ಓಡಿಸುವ ಮಾರ್ಕೀ. ಇವುಗಳಲ್ಲಿ ಮೊದಲಿನ ಎರಡನ್ನು ಇನ್ನು ಬಳಸಬೇಡಿ ಅಂತ 1997ರ ಎಚ್‌ಟಿಎಂಎಲ್ 4ರಲ್ಲೇ ಹೇಳಿದ್ದರು. ಅಂದರೆ ನಾನು ಹುಟ್ಟುವ ಮುಂಚೆ. ಬಣ್ಣ, ಅಳತೆ, ಜಾಗ ಎಲ್ಲವನ್ನೂ ನೋಡಿಕೊಳ್ಳುವುದು ಸಿಎಸ್‌ಎಸ್. ಅದಕ್ಕೆ ಕೊಟ್ಟದ್ದು ಒಂದೇ ಒಂದು ಗಂಟೆ. "ಕ್ಯಾಸ್ಕೇಡಿಂಗ್ ಸ್ಟೈಲ್ ಶೀಟ್ಸ್, ಎರಡು ಮಾರ್ಕ್ಸಿಗೆ ಬರತ್ತೆ, ಬರ್ಕೊಳ್ಳಿ." ಬರೆದುಕೊಂಡೆವು.

ಪರೀಕ್ಷೆ ಮುಗಿದು ಎ ಗ್ರೇಡ್ ಬಂದ ಖುಷಿಯಲ್ಲಿ ಮಾವನಿಗೆ ಮಾತು ಕೊಟ್ಟೆ. ಅಮ್ಮನ ತಮ್ಮ. ಸಕಲೇಶಪುರದ ಹತ್ತಿರ ಅವರದ್ದು ಸ್ವಲ್ಪ ಕಾಫಿ ತೋಟ, ತೋಟದಲ್ಲೇ ನಾಲ್ಕು ರೂಮಿನ ಹೋಂಸ್ಟೇ. "ನಿಮ್ಮ ಹೋಂಸ್ಟೇಗೆ ವೆಬ್‌ಸೈಟ್ ನಾನೇ ಮಾಡ್ತೀನಿ ಮಾವ" ಅಂದೆ. ಲ್ಯಾಬಿನಲ್ಲೇ ಕೂತು ಎರಡು ವಾರ ಮಾಡಿದೆ. ಒಂಬತ್ತು ಫೋಟೊ, ಮೇಲೆ ಹಸಿರು ಪಟ್ಟಿ, ಕೆಳಗೆ ಅಚ್ಚ ಕನ್ನಡದಲ್ಲಿ ನಾನೇ ಬರೆದ ನಾಲ್ಕು ಪ್ಯಾರಾ. ಲ್ಯಾಬಿನ ಸ್ಕ್ರೀನಿನಲ್ಲಿ ಚೆನ್ನಾಗಿಯೇ ಇತ್ತು. ಸರ್ ಕೂಡ ಬೆನ್ನು ತಟ್ಟಿದರು. ನೆಟ್‌ಗೆ ಹಾಕಿಕೊಡುವ ಕೆಲಸ ಅವರೇ ವಹಿಸಿಕೊಂಡರು. ಆ ಕಥೆ ಆಮೇಲೆ ಹೇಳುತ್ತೇನೆ.

ಅದು ನೆಟ್‌ಗೆ ಏರಿದ ದಿನ ಮಾವನ ಫೋನ್ ಬಂತು. "ಏನವ್ವಾ ಇದು, ಬರೀ ಖಾಲಿ ಡಬ್ಬಿ ಕಾಣ್ತಾವೆ. ಅಕ್ಷರ ಎಲ್ಲ ಇಂಗ್ಲಿಷೂ ಅಲ್ಲ, ಕನ್ನಡಾನೂ ಅಲ್ಲ. ಯಾವ ಭಾಷೆ ಇದು?"

ಖಾಲಿ ಡಬ್ಬಿಗಳು ಅಂದರೆ ಫೋಟೊಗಳು. ನಮಗೆ ಹೇಳಿಕೊಟ್ಟಿದ್ದ ದಾರಿ ಇದು: ಫೋಟೊ ಎಲ್ಲಿದೆಯೋ ಅಲ್ಲಿಂದ ಎಳೆದು ತಂದು ಪೇಜಿಗೆ ಬಿಡಿ, ಸಾಫ್ಟ್‌ವೇರೇ ವಿಳಾಸ ಬರೆದುಕೊಳ್ಳುತ್ತದೆ. ಬರೆದುಕೊಂಡಿತ್ತು ನಿಜ. ಸಿ ಡ್ರೈವ್, ಯೂಸರ್ಸ್, ಲ್ಯಾಬ್ 12, ಡೆಸ್ಕ್‌ಟಾಪ್, ಮಾವ ಫೋಟೊ. ಅಂದರೆ ಸಕಲೇಶಪುರದಲ್ಲಿ ಕೂತ ಮಾವನ ಫೋನು ಆ ಲ್ಯಾಬಿನ ಹನ್ನೆರಡನೇ ಕಂಪ್ಯೂಟರಿನ ಡೆಸ್ಕ್‌ಟಾಪ್‌ನಲ್ಲಿ ಫೋಟೊ ಹುಡುಕಬೇಕು. ಬೆಂಗಳೂರಿನವರು ಮನೆ ವಿಳಾಸ ಕೇಳಿದರೆ "ಅಡುಗೆಮನೆ ಪಕ್ಕದ ರೂಮು" ಅಂದ ಹಾಗಾಯಿತು. ಮನೆಯೊಳಗೇ ಇದ್ದವರಿಗೆ ಅದು ಸರಿಯಾದ ವಿಳಾಸವೇ. ಲ್ಯಾಬಿನಲ್ಲಿ ನಾವೆಲ್ಲ ಮನೆಯೊಳಗೇ ಇದ್ದೆವು. ಹಾಗಾಗಿ ನಾಲ್ಕು ತಿಂಗಳು ಒಬ್ಬರಿಗೂ ಈ ತಪ್ಪು ಕಾಣಲಿಲ್ಲ.

ವಿಳಾಸ ತಿದ್ದಿದೆ. ಆರು ಫೋಟೊ ಬಂದವು, ಮೂರು ಬರಲಿಲ್ಲ. ಎರಡು ಸಂಜೆ ತಲೆ ಕೆರೆದುಕೊಂಡೆ. ಕೊನೆಗೆ ನೋಡಿದರೆ ಆ ಮೂರನ್ನು ಮಾವನ ಸ್ನೇಹಿತರೊಬ್ಬರು ದೊಡ್ಡ ಕ್ಯಾಮೆರಾದಲ್ಲಿ ತೆಗೆದಿದ್ದರು. ಆ ಕ್ಯಾಮೆರಾ ಫೈಲ್ ಹೆಸರಿನ ಕೊನೆಯ ಜೆಪಿಜಿಯನ್ನು ದೊಡ್ಡ ಅಕ್ಷರದಲ್ಲಿ ಬರೆಯುತ್ತದೆ, ನಾನು ಪೇಜಿನಲ್ಲಿ ಚಿಕ್ಕ ಅಕ್ಷರ ಬರೆದಿದ್ದೆ. ವಿಂಡೋಸ್‌ಗೆ ಎರಡೂ ಒಂದೇ. ವೆಬ್‌ಸೈಟುಗಳನ್ನು ಇಡುವ ಸರ್ವರು ಕಂಪ್ಯೂಟರುಗಳಲ್ಲಿ ಹೆಚ್ಚಿನವು ಓಡುವುದು ವಿಂಡೋಸ್ ಬದಲು ಲಿನಕ್ಸ್‌ನಲ್ಲಿ, ಅದಕ್ಕೆ ಎರಡೂ ಬೇರೆ ಬೇರೆ ಫೈಲು. ಇದನ್ನು ಹೇಳಿಕೊಡಲು ಎರಡು ನಿಮಿಷ ಸಾಕು. ಆದರೆ ಒಮ್ಮೆಯಾದರೂ ನಿಜವಾದ ಸರ್ವರಿಗೆ ಪೇಜು ಏರಿಸಿದವರಿಗೆ ಮಾತ್ರ ಈ ವಿಷಯ ಬಾಯಿಗೆ ಬರುತ್ತದೆ, ಅಲ್ವಾ?

ಕನ್ನಡದ ಕಥೆ ಇನ್ನೂ ಬೇಜಾರಿನದು. ನಾವು ಟೈಪ್ ಮಾಡಿದ್ದು ನುಡಿ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೆಯ ಫಾಂಟಿನಲ್ಲಿ. ಅದರಲ್ಲಿ ಕನ್ನಡದ ಆಕಾರಗಳನ್ನು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಮನೆಯಲ್ಲಿ ಕೂರಿಸಿರುತ್ತಾರೆ. ಆ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಕನ್ನಡ ಕಾಣುತ್ತದೆ, ಇಲ್ಲದ ಕಡೆ ಮುಖವಾಡ ಕಳಚಿ ಇಂಗ್ಲಿಷ್ ಅಕ್ಷರಗಳು ಕೊಂಬು ಬಾಲ ಹಚ್ಚಿಕೊಂಡು ಹೊರಗೆ ಬರುತ್ತವೆ. ನುಡಿಯನ್ನು ದೂರುತ್ತಿಲ್ಲ, ಈಗ ಅದರಲ್ಲೂ ಯೂನಿಕೋಡ್ ಇದೆ, ಅಂದರೆ ಪ್ರತಿ ಭಾಷೆಯ ಅಕ್ಷರಕ್ಕೂ ಅದರದ್ದೇ ಸಂಖ್ಯೆ ಕೊಡುವ ಪದ್ಧತಿ. ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಡಿಟಿಪಿ ಮಾಡುವವರಿಗೆ ಹಳೆಯ ಫಾಂಟು ಇವತ್ತಿಗೂ ಬೇಕು. ಆದರೆ ವೆಬ್ಬಿಗೆ ಅದು ಆಗುವುದಿಲ್ಲ. ಯೂನಿಕೋಡ್‌ನಲ್ಲಿ ಕನ್ನಡಕ್ಕೆಂದೇ 128 ಮನೆ ಮೀಸಲಿವೆ, ಅದೂ 1991ರ ಮೊದಲ ಆವೃತ್ತಿಯಿಂದಲೇ. ಅದರಲ್ಲಿ ಬರೆದರೆ ಈಗಿನ ಫೋನುಗಳಲ್ಲಿ ಕನ್ನಡ ಕನ್ನಡವಾಗಿಯೇ ಬರುತ್ತದೆ. ನಾನು ಬರೆದ ನಾಲ್ಕು ಪ್ಯಾರಾದಲ್ಲಿ ಗೂಗಲ್‌ಗೆ ಒಂದೂ ಕನ್ನಡ ಅಕ್ಷರ ಕಾಣಿಸುತ್ತಿರಲಿಲ್ಲ. ಯಾರಾದರೂ 'ಸಕಲೇಶಪುರ ಹೋಂಸ್ಟೇ' ಎಂದು ಕನ್ನಡದಲ್ಲಿ ಹುಡುಕಿದರೆ ಮಾವನ ಮನೆ ಸಿಗುವ ಮಾತೇ ಇಲ್ಲ. ಪತ್ರಿಕೋದ್ಯಮದ ಮಕ್ಕಳಿಗೆ ಇಟ್ಟ ಕೋರ್ಸಿನಲ್ಲಿ ಯೂನಿಕೋಡ್ ಎಂಬ ಪದವೇ ಬರಲಿಲ್ಲ!

ಇನ್ನು ಪೇಜಿನ ಅಗಲ. ಟೇಬಲ್ ಹಾಕಿ 1000 ಪಿಕ್ಸೆಲ್ ಅಂತ ಕಟ್ಟಿ ಕೂರಿಸಿದ್ದೆ. ಪೇಜಿನ ತಲೆಯಲ್ಲಿ ವ್ಯೂಪೋರ್ಟ್ ಎಂಬ ಒಂದು ಸಾಲು ಇರದಿದ್ದರೆ ಫೋನು ತನ್ನನ್ನು ಸುಮಾರು 980 ಪಿಕ್ಸೆಲ್ ಅಗಲದ ಕಂಪ್ಯೂಟರ್ ಎಂದುಕೊಂಡು, ಎಲ್ಲವನ್ನೂ ಕುಗ್ಗಿಸಿ ತೋರಿಸುತ್ತದೆ. ಮಾವನಿಗೆ ಐವತ್ತೆರಡು ವರ್ಷ. ಕನ್ನಡಕ ಹಣೆಗೇರಿಸಿ ಫೋನನ್ನು ಮೂಗಿನ ಹತ್ತಿರ ಹಿಡಿದು ಓದುತ್ತಿದ್ದರು. ಫೋನಿಗೆ ತಕ್ಕಂತೆ ಪೇಜು ಹೊಂದಿಕೊಳ್ಳಬೇಕು ಎಂಬುದಕ್ಕೆ ಈಥನ್ ಮಾರ್ಕಾಟ್ ಎಂಬ ಡಿಸೈನರ್ ರೆಸ್ಪಾನ್ಸಿವ್ ಅಂತ ಹೆಸರಿಟ್ಟದ್ದು 2010ರಲ್ಲಿ. ಹನ್ನೆರಡು ವರ್ಷವಾದರೂ ಅದು ನಮ್ಮ ಲ್ಯಾಬಿನ ಬಾಗಿಲು ದಾಟಿರಲಿಲ್ಲ.

ಈಗ ಸರ್ 'ಹಾಕಿಕೊಟ್ಟ' ಕಥೆ. ಡೊಮೇನು ಅಂದರೆ ಸೈಟಿನ ಹೆಸರು, ಹೋಸ್ಟಿಂಗು ಅಂದರೆ ಸೈಟ್ ಇಡುವ ಜಾಗ, ಎರಡೂ ಸೇರಿ ಮಾವನಿಂದ 7,500 ತೆಗೆದುಕೊಂಡರು. ಬಿಲ್ಲು ಕೇಳಿದ್ದಕ್ಕೆ "ಅಯ್ಯೋ, ನಮ್ ಹುಡುಗೀದು, ಬಿಲ್ಲೆಲ್ಲ ಯಾಕೆ" ಅಂದರು. ಮಾವ ಆ ವಿಳಾಸವನ್ನು ವಿಸಿಟಿಂಗ್ ಕಾರ್ಡಿಗೆ ಹಾಕಿಸಿದರು, ಹೈವೇ ತಿರುವಿನ ಬೋರ್ಡಿಗೂ ಬರೆಸಿದರು. ಒಂದು ವರ್ಷವಾದ ಮೇಲೆ ಮೆಸೇಜ್ ಬಂತು, ರಿನ್ಯೂವಲ್ಲಿಗೆ 18,000. ಡಾಟ್ ಇನ್ ಹೆಸರಿಗೆ ವರ್ಷಕ್ಕೆ ಸಾಮಾನ್ಯವಾಗಿ ಸಾವಿರ ರೂಪಾಯಿಯ ಆಚೀಚೆ. ನಾನೇ ಕಟ್ಟಿಕೊಳ್ಳುತ್ತೇನೆ, ಪಾಸ್‌ವರ್ಡ್ ಕೊಡಿ ಸರ್ ಅಂದೆ. ಆಗ ಗೊತ್ತಾಯಿತು, ಹೆಸರು ನೋಂದಾಯಿಸಿದ್ದು ಅವರ ಹೆಸರಿನಲ್ಲಿ, ಅವರ ಇಮೇಲಿನಲ್ಲಿ. ಕಾಗದದ ಪ್ರಕಾರ ಅದು ಅವರದ್ದೇ ಆಸ್ತಿ. ಬೇರೆ ಕಂಪನಿಗೆ ವರ್ಗಾಯಿಸಬೇಕಾದರೂ ಒಂದು ಗುಪ್ತ ಕೋಡ್ ಬೇಕು, ಅದು ಬರುವುದೂ ಅವರ ಕೈಗೇ. ಮಾವ ಜಗಳಕ್ಕೆ ಹೋಗುವವರಲ್ಲ. ಹೆಸರು ಬಿಟ್ಟುಕೊಟ್ಟರು. ಬೋರ್ಡಿನ ಮೇಲೆ ಬಿಳಿ ಪೇಂಟ್ ಹೊಡೆಸಿದರು. ನನಗೆ ಒಂದು ಮಾತೂ ಅನ್ನಲಿಲ್ಲ, ಅದೇ ಜಾಸ್ತಿ ಸಂಕಟ.

2024ರಲ್ಲಿ ಬೆಂಗಳೂರಿನ ರಾಜಾಜಿನಗರದಲ್ಲಿ ಒಂದು ಸಣ್ಣ ಕಂಪನಿಗೆ ಇಂಟರ್‌ವ್ಯೂಗೆ ಹೋದೆ. ಸರ್ಟಿಫಿಕೇಟ್ ಮುಂದಿಟ್ಟೆ. ಎದುರಿಗಿದ್ದ ಮೇಡಂ ಅದನ್ನು ನೋಡಲೇ ಇಲ್ಲ. "ನೀವು ಮಾಡಿರೋದು ಯಾವುದಾದ್ರೂ ಒಂದು ಲಿಂಕ್ ಕೊಡಿ" ಅಂದರು. ನಾನು ಬ್ಯಾಗಿನಿಂದ ಪೆನ್‌ಡ್ರೈವ್ ತೆಗೆದೆ. ಅವರು ನಗಲಿಲ್ಲ, ಪಾಪ. "ಇದನ್ನ ನಮ್ಮ ಸಿಸ್ಟಮ್‌ಗೆ ಹಾಕೋ ಹಾಗಿಲ್ಲಮ್ಮ" ಅಂದರು ಅಷ್ಟೇ.

ನಾಲ್ಕು ತಿಂಗಳಲ್ಲಿ ಏನು ತಪ್ಪಾಗಿತ್ತು ಅಂತ ನನಗೆ ಗೊತ್ತಾದದ್ದು ಬಸ್ಸಿನಲ್ಲಿ ವಾಪಸ್ ಬರುವಾಗ. ಹಳೆಯದನ್ನು ಕಲಿಸಿದ್ದಕ್ಕಿಂತ ದೊಡ್ಡ ತಪ್ಪು ಇನ್ನೊಂದಿತ್ತು. ಕೋರ್ಸಿನ ಹೆಸರಲ್ಲೇ ಪಬ್ಲಿಷಿಂಗ್ ಇದೆ, ನಾವು ಒಬ್ಬರೂ ಏನನ್ನೂ ಪಬ್ಲಿಷ್ ಮಾಡಿರಲಿಲ್ಲ. ಒಂದೇ ಒಂದು ದಿನ ನಮ್ಮ ಪೇಜು ಲ್ಯಾಬಿನಿಂದ ಹೊರಗೆ ಹೋಗಿದ್ದರೆ ಡಬ್ಬಿ, ಕೊಂಬು, ಬಾಲ ಎಲ್ಲ ಆವತ್ತೇ ಕಾಣುತ್ತಿದ್ದವು. ಮುಂದೊಮ್ಮೆ ಸರ್ ಹತ್ತಿರ ಇದನ್ನು ಹೇಳಿದೆ. "ಅದು ಬೇಸಿಕ್ ಕೋರ್ಸ್ ಅಲ್ವೇನಮ್ಮ" ಅಂದರು. ಬೇಸಿಕ್ ಬೇರೆ, ಹಳಸಲು ಬೇರೆ. ಆ ಮಾತು ಅಲ್ಲಿ ಬಾಯಿಗೆ ಬರಲಿಲ್ಲ, ಇಲ್ಲಿ ಬರೆದಿದ್ದೇನೆ.

ಚಿಕ್ಕಮ್ಮನ ಮಗಳಿಗೆ ನಾನು ಹೇಳಿದ್ದು ಇಷ್ಟು. ಅಲ್ಲಿಗೆ ಹೋಗಿ ಮೊದಲು ಹಿಂದಿನ ಬ್ಯಾಚಿನವರ ಎರಡು ಲಿಂಕ್ ಕೇಳು. ಆಫೀಸಿನ ಎದುರಿಗೇ ನಿನ್ನ ಫೋನಿನಲ್ಲಿ, ನಿನ್ನ ಡೇಟಾದಲ್ಲಿ ತೆಗೆದು ನೋಡು. ಲ್ಯಾಬಿನಲ್ಲಿ ನೆಟ್ ಇದೆಯಾ ಅಂತ ಕಣ್ಣಾರೆ ನೋಡು. ಸಿಲಬಸ್ಸಿನಲ್ಲಿ ಫ್ಲ್ಯಾಶ್, ಪೇಜನ್ನು ತುಂಡು ಮಾಡುವ ಹಳೇ ಕಾಲದ ಫ್ರೇಮ್ಸ್ ಅಂತ ಕಂಡರೆ ಪಾಂಪ್ಲೆಟ್ ಅಲ್ಲೇ ಇಟ್ಟು ಬಾ. ಯಾರಾದರೂ ಡೊಮೇನ್ ತೆಗೆಸಿಕೊಡುತ್ತೇನೆ ಅಂದರೆ ನಿನ್ನ ಇಮೇಲು, ನಿನ್ನ ಹೆಸರು, ನಿನ್ನ ಕಾರ್ಡು.

ಅವಳು ಹೋಗಿ ಕೇಳಿಯೂ ಕೇಳಿದಳು. "ಲಿಂಕೆಲ್ಲ ಇಲ್ಲ, ಪ್ರಾಜೆಕ್ಟ್ಸ್ ಎಲ್ಲ ಸಿಡಿಯಲ್ಲಿದೆ ಬಾ, ತೋರಿಸ್ತೀನಿ" ಅಂದರಂತೆ. ಸಿಡಿ!

ಬಿಟ್ಟು ಬಂದಳು. ನಾನು ಕೊನೆಗೂ ಕಲಿತ ಜಾಗಗಳನ್ನೇ ಅವಳಿಗೂ ತೋರಿಸಿದೆ. ಮೊಜಿಲ್ಲಾದವರ ಎಂಡಿಎನ್, ಫ್ರೀಕೋಡ್‌ಕ್ಯಾಂಪ್, ಇಂಗ್ಲಿಷ್ ಕಷ್ಟವಾದರೆ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್, ಅದರಲ್ಲಿ ಹಲವು ಪಾಠಗಳು ಕನ್ನಡದಲ್ಲೂ ಇವೆ. ಒಂದಕ್ಕೂ ಫೀಸಿಲ್ಲ. ಪೇಜು ಬರೆಯಲು ನೋಟ್‌ಪ್ಯಾಡ್ ಸಾಕು, ಏರಿಸಲು ಗಿಟ್‌ಹಬ್ ಪೇಜಸ್ ಇದೆ, ಅದೂ ಪುಕ್ಕಟೆ. ಮಾವನ ಹೊಸ ಸೈಟನ್ನು ನಾನು ಹೀಗೇ ಮಾಡಿದ್ದು. ಹೊಸ ಹೆಸರು ಮಾವನ ಹೆಸರಿನಲ್ಲೇ ಇದೆ.

ನಿನ್ನೆ ರಾತ್ರಿ ಹನ್ನೊಂದಕ್ಕೆ ವಾಟ್ಸಾಪಿನಲ್ಲಿ ಅವಳ ಲಿಂಕ್ ಬಂತು. ಅವಳ ಮೊದಲ ಪೇಜು. ತಲೆಬರಹ ಕನ್ನಡದಲ್ಲಿ, ಫೋನಿನ ಅಗಲಕ್ಕೆ ಸರಿಯಾಗಿ ಕೂತಿತ್ತು. ಅದರ ಕೆಳಗೆ ಒಂದು ಖಾಲಿ ಡಬ್ಬಿ. "ಅಕ್ಕಾ, ನಮ್ಮ ನಾಯಿ ಫೋಟೊ ನಂಗೆ ಕಾಣ್ತಾ ಇತ್ತು, ಈಗ ಬರ್ತಿಲ್ಲ" ಅಂತ ಕೆಳಗೆ ಬರೆದಿದ್ದಳು.

"ಫೈಲ್ ಹೆಸರು ನೋಡೇ, ಎಲ್ಲೋ ದೊಡ್ಡ ಅಕ್ಷರ ಇರತ್ತೆ" ಅಂತ ಕಳಿಸಿ ಮಲಗಿದೆ. ಬೆಳಿಗ್ಗೆ ನೋಡಿದರೆ ನಾಯಿ ಬಂದು ಕೂತಿತ್ತು.