ಬಾಕಿ ಪಿಂಚಣಿ ಹಣದಲ್ಲಿ (ಅರಿಯರ್ಸ್) ಪಾಲು ಕೇಳುವ ಪಿಂಚಣಿ ಸಲಹೆಗಾರರ ಬಗ್ಗೆ ಮಾಜಿ ಸೈನಿಕರು ಎಚ್ಚರದಿಂದಿರಿ

ಅಂಗವೈಕಲ್ಯ ಪಿಂಚಣಿ ಕೊಡಿಸುತ್ತೇವೆಂದು ಬರುವ ಖಾಸಗಿ ಸಲಹೆಗಾರರ ಯಾವ ಕಾಗದಕ್ಕೂ ದಯವಿಟ್ಟು ಸಹಿ ಹಾಕಬೇಡಿ. ಮನೆಯವರ ಮುಂದೆ ಹೇಳಲೂ ನಾಚಿಕೆಪಟ್ಟ ಸಂಗತಿಯನ್ನು ಇಲ್ಲಿ ಬರೆಯುತ್ತಿರುವುದು, ಇನ್ನೊಬ್ಬ ಸೈನಿಕನ ಹಣ ಹೀಗೆ ಹೋಗಬಾರದೆಂದು.

ಆರ್ಟಿಲರಿಯಲ್ಲಿ ತೋಪುಗಳ ಪಕ್ಕದಲ್ಲೇ ಸೇವೆ ಸಲ್ಲಿಸಿ ನನ್ನ ಕಿವಿ ಮಂದವಾಗಿದೆ. ನಿವೃತ್ತಿಯ ಮೆಡಿಕಲ್ ಬೋರ್ಡ್ ಶೇ. 20ರಷ್ಟು ಅಂಗವೈಕಲ್ಯವನ್ನು ದಾಖಲಿಸಿದ್ದರೂ, ಅದು ಸೇವೆಯಿಂದ ಬಂದದ್ದಲ್ಲವೆಂದು ನನ್ನ ಹಕ್ಕುಕೋರಿಕೆ ತಿರಸ್ಕೃತವಾಯಿತು. ಆಗ ಸಿಕ್ಕ ಸಲಹೆಗಾರರೊಬ್ಬರು, 'ಸುಬೇದಾರ್ ಸಾಹೇಬರೇ, ಹಣ ಬಂದರೆ ಮಾತ್ರ ಕೊಡಿ' ಎಂದು ನಯವಾಗಿ ಹೇಳಿ, ಅರಿಯರ್ಸ್‌ನ ಮೂರನೇ ಒಂದು ಪಾಲು ತಮಗೆ ಸೇರತಕ್ಕದ್ದೆಂದು ಸ್ಟಾಂಪ್ ಪೇಪರಿನಲ್ಲಿ ಬರೆಸಿಕೊಂಡು, ಖಾಲಿ ಚೆಕ್ಕುಗಳನ್ನೂ ಸೈನಿಕರ ಪಿಂಚಣಿಯ ಆನ್‌ಲೈನ್ ವ್ಯವಸ್ಥೆಯಾದ ಸ್ಪರ್ಶ್‌ನಲ್ಲಿರುವ ನನ್ನ ಖಾತೆಯ ಪಾಸ್‌ವರ್ಡನ್ನೂ ಪಡೆದುಕೊಂಡರು.

ಮೇಲ್ಮನವಿ ಅಂಗೀಕಾರವಾಯಿತು. ಹಣ ಜಮೆಯಾದದ್ದು ನನಗಿಂತ ಮೊದಲು ಆ ಸಲಹೆಗಾರರಿಗೇ ತಿಳಿದಿತ್ತು; ತಮ್ಮ ಪಾಲನ್ನು ಪಡೆದುಕೊಂಡೂಬಿಟ್ಟರು. ಬೇರೆ ಕೆಲಸಕ್ಕೆಂದು ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೆ ಹೋದಾಗ, ಅಲ್ಲಿನ ಸಿಬ್ಬಂದಿ ನನ್ನ ಮೇಲ್ಮನವಿಯ ಪ್ರತಿಯನ್ನು ನೋಡಿ, 'ಇದನ್ನು ನಾವೇ ಬರೆದು ಕಳುಹಿಸುತ್ತಿದ್ದೆವಲ್ಲ, ಇದಕ್ಕೆ ದುಡ್ಡೇಕೆ ಕೊಟ್ಟಿರಿ?' ಎಂದರು. ಒಂದೇ ಪುಟದ ಪತ್ರ. ಅದರೊಂದಿಗೆ ನನ್ನದೇ ಮೆಡಿಕಲ್ ಬೋರ್ಡ್ ಕಾಗದಗಳ ನಕಲು. ಆ ಒಂದು ಪುಟಕ್ಕೆ ಅರಿಯರ್ಸ್‌ನ ಮೂರನೇ ಒಂದು ಪಾಲು! ಅಲ್ಲಿ ತಲೆಯೆತ್ತಿ ಉತ್ತರಿಸಲು ನನ್ನಿಂದಾಗಲಿಲ್ಲ.

ಹಣವನ್ನು ಹಿಂದಿರುಗಿಸುವಂತೆ ಆ ಸಲಹೆಗಾರರನ್ನು ಕೇಳಿದಾಗ 'ಸಾಹೇಬರೇ' ಎಂಬ ಮಾತು ಮಾಯವಾಗಿತ್ತು. 'ಸಹಿ ನಿಮ್ಮದೇ ತಾನೇ? ಉಳಿದ ಚೆಕ್ಕುಗಳು ಇನ್ನೂ ನನ್ನ ಬಳಿ ಇವೆ' ಎಂದರು. ಮುಂದೆ ಬರಬೇಕಾದ ಪಿಂಚಣಿಯನ್ನು ಬೇರೆಯವರಿಗೆ ಬರೆದುಕೊಡುವ ಒಪ್ಪಂದವು 1871ರ ಪಿಂಚಣಿ ಕಾಯ್ದೆಯ 12ನೇ ಕಲಮಿನ ಪ್ರಕಾರ ಅಸಿಂಧುವೆಂದು ತಿಳಿಸಿದೆ. 'ಹಾಗಾದರೆ ಕೋರ್ಟಿಗೆ ಹೋಗಿ' ಎಂದರು. ಗೆದ್ದ ಹಣದಲ್ಲಿ ಪಾಲು ಕೇಳುವುದನ್ನು ಬಾರ್ ಕೌನ್ಸಿಲ್ ನಿಯಮಗಳು ವಕೀಲರಿಗೇ ನಿಷೇಧಿಸಿವೆಯೆಂದೆ. 'ನಾನು ವಕೀಲನಲ್ಲ, ಆ ನಿಯಮ ನನಗೆ ತಾಗುವುದಿಲ್ಲ' ಎಂದರು. ನನ್ನನ್ನು ಇಂದಿಗೂ ಸುಡುತ್ತಿರುವುದು ಈ ಉತ್ತರವೇ. ಓದಿ, ಸನ್ನದು ಪಡೆದ ವಕೀಲನಿಗೆ ಇರುವ ಕಟ್ಟುಪಾಡು ಬರೀ ಬೋರ್ಡು ತಗುಲಿಸಿ ಕುಳಿತವನಿಗೆ ಏಕಿಲ್ಲ? ಇಂತಹವರಿಗೆ ನೋಂದಣಿಯನ್ನೂ ಶುಲ್ಕದ ಮಿತಿಯನ್ನೂ ಸರ್ಕಾರ ಕಡ್ಡಾಯಗೊಳಿಸಲೇಬೇಕು.

ತಿರಸ್ಕಾರದ ಪತ್ರ ಬಂದರೆ ಮೊದಲ ಮೇಲ್ಮನವಿಗೆ ಆರು ತಿಂಗಳ ಅವಕಾಶವಿದೆ; ನೇರವಾಗಿ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೆ ಹೋಗಿ. ಪಾಸ್‌ವರ್ಡ್, ಒಟಿಪಿ, ಖಾಲಿ ಚೆಕ್ಕುಗಳನ್ನು ಯಾರಿಗೂ ಕೊಡಬೇಡಿ, ಆತ ಮಾಜಿ ಸೈನಿಕನೇ ಆಗಿದ್ದರೂ ಕೊಡಬೇಡಿ. ಈಗಾಗಲೇ ಸಹಿ ಹಾಕಿರುವವರು ಹಣ ಕೊಡುವ ಮುನ್ನ ಒಪ್ಪಂದದ ಪ್ರತಿಯನ್ನು ವಕೀಲರೊಬ್ಬರಿಗೆ ತೋರಿಸಿ. ನಾನು ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟಿದ್ದೇನೆ.